ಎರಡನೆಯ ತೋಳು

ನಮ್ಮ ಅಕ್ಕನ ಮನೆಯಲ್ಲಿ ಯಾವುದಕ್ಕೂ ಜೊತೆಯಿಲ್ಲ. ಕಾಲುಚೀಲ ಒಂದಿದ್ದರೆ ಇನ್ನೊಂದಿಲ್ಲ. ಹೆಬ್ಬೆರಳಿನ ತನಕ ಅಚ್ಚುಕಟ್ಟಾಗಿ ಹೆಣೆದ ಕೈಗವಸು ಎಡಗೈಗೆ ಮಾತ್ರ. ಸೋಫಾದ ಒಂದು ಕೈಗೆ ಕ್ರೋಶಾದ ಹೊದಿಕೆ, ಇನ್ನೊಂದು ಕೈ ಬೋಳು. ಒಂದು ಮುಗಿಯಿತೋ, ಅವಳ ಉತ್ಸಾಹವೂ ಮುಗಿಯಿತು. "ಹೇಗೆ ಅಂತ ಗೊತ್ತಾಯ್ತಲ್ಲ, ಇನ್ನೊಂದು ಹಾಕೋದೇನು ಮಹಾ?" ಎನ್ನುತ್ತಾಳೆ. ಆ ಮಹಾ ಅಲ್ಲದ ಕೆಲಸ ಹದಿನೈದು ವರ್ಷದಿಂದ ಆಗಿಲ್ಲ.

ಅವಳ ನೌಕರಿ ಹಲ್ಲಿನ ಡಾಕ್ಟರ ಬಳಿ ಚೀಟಿ ಕೊಡುವುದು. ಮೇಜಿನ ಮೇಲೆ ಚೀಟಿ, ಕೆಳಗೆ ತೊಡೆಯ ಮೇಲೆ ಉಣ್ಣೆ. ದವಡೆ ಹಿಡಿದುಕೊಂಡು ಬಂದವರು "ನನ್ನ ಸರದಿ ಯಾವಾಗಮ್ಮ?" ಎಂದರೆ, "ಇರಿ, ಈ ಸಾಲು ಮುಗೀಲಿ" ಅನ್ನುತ್ತಾಳೆ. ಡಾಕ್ಟರು ಅವಳನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೋ ದೇವರಿಗೇ ಗೊತ್ತು.

ನಾನು ದರ್ಜಿ. ಬೆಳಿಗ್ಗೆ ಕತ್ತರಿಸಿದ್ದು ಸಂಜೆಗೆ ಹೊಲಿದು, ಇಸ್ತ್ರಿ ಮಾಡಿ, ಗೂಟಕ್ಕೆ ನೇತುಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ. ಅಕ್ಕನ ಉಣ್ಣೆಯ ಚೀಲ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿದದ್ದನ್ನು ನಾನು ಬಾಯಿಬಿಟ್ಟು ಹೇಳದೆ ಇದ್ದದ್ದೂ ಇಲ್ಲ.

ಭಾವನದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಮಂಜು ಹಿಡಿದ ಪೆಟ್ಟಿಗೆಗಳನ್ನು ಗಾಡಿಯಲ್ಲಿ ತಳ್ಳುವುದು. ಕಂಪನಿಯ ಕೋಟಿನ ತೋಳು ಗಿಡ್ಡ. ಗಾಡಿ ಹಿಡಿಯುವ ಬಲಗೈಯ ಮಣಿಕಟ್ಟು ಚಳಿಗೆ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಹಾಕಿಕೊಳ್ಳಲೆಂದು ಅಕ್ಕ ಒಂದು ಸ್ವೆಟರ್ ಶುರುಮಾಡಿದಳು. ಬೆನ್ನಾಯಿತು, ಎದೆಯಾಯಿತು, ಎಡತೋಳಾಯಿತು. ಅಲ್ಲಿಗೆ ನಿಂತಿತು. ಆರು ವರ್ಷ ಅದು ಬಾಗಿಲ ಹಿಂದೆ ಒಂಟಿ ತೋಳಲ್ಲಿ ನೇತಾಡಿತು. ಭಾವ ಒಂದು ದಿನವೂ ಕೇಳಲಿಲ್ಲ. ಇಂಥ ಗಂಡ ಸಿಕ್ಕರೆ ಯಾವ ಹೆಂಡತಿ ತಾನೇ ಎರಡನೆಯ ತೋಳು ಹಾಕುತ್ತಾಳೆ?

ತಿಂಗಳ ಮೂವತ್ತಕ್ಕೆ ಭಾವ ನಿವೃತ್ತಿ ಎಂದು ಗೊತ್ತಾದಾಗ ಅಕ್ಕನಿಗೆ ಎಚ್ಚರವಾಯಿತು. ನನ್ನ ಅಂಗಡಿಗೆ ಬಂದು ಕುಳಿತಳು. "ಕೊನೇ ದಿನ ಆದ್ರೂ ಅವರು ಅದನ್ನ ಹಾಕ್ಕೊಂಡು ಆ ಚಳೀಲಿ ನಿಲ್ಬೇಕು ಕಣೆ. ಆಮೇಲೆ ಎಷ್ಟು ಚೆನ್ನಾಗಿ ಹಾಕಿದ್ರೂ ಏನು ಬಂತು?" ಎಂದಳು. ಕಣ್ಣು ತುಂಬಿತ್ತು. ನನಗೆ ಕನಿಕರ ಬರಬೇಕಿತ್ತು, ಬಂದದ್ದು ಸಿಟ್ಟು.

"ನಿನ್ನ ಕೈಲಿ ಆಗಲ್ಲ, ನಾನು ಮಾಡಿಸ್ತೀನಿ" ಎಂದೆ.

ಅವತ್ತೇ ಸ್ವೆಟರಿನ ಉಣ್ಣೆ, ಕಡ್ಡಿ ಬಿಟ್ಟು ಅವಳ ಕ್ರೋಶಾ ಕಡ್ಡಿಗಳು, ಅರ್ಧಂಬರ್ಧ ಶಾಲು, ಟೀಪಾಯಿಯ ಹೊದಿಕೆ ಎಲ್ಲವನ್ನೂ ಬೀರುವಿಗೆ ತುಂಬಿ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ದಿನಾ ಸಂಜೆ ಅಂಗಡಿ ಮುಚ್ಚಿ ಅವಳೆದುರು ಕುರ್ಚಿ ಹಾಕಿಕೊಂಡು ಕೂತೆ. ಎಡತೋಳಿನ ಸಾಲುಗಳನ್ನು ನಾನೇ ಎಣಿಸಿದ್ದೆ: ನೂರಾ ನಲವತ್ತು.

"ಒಂದ್ಸಲ ಆ ತೋಳಿನ ಮೇಲಿಟ್ಟು ನೋಡ್ಲಾ?" ಎಂದು ಮೂರನೆಯ ದಿನ ಕೇಳಿದಳು. ನನಗೆ ಗೊತ್ತಿಲ್ಲವೇ ಅವಳ ನೋಡುವಿಕೆ! ಮಂಚ ಖಾಲಿ ಮಾಡಬೇಕು, ಹಾಸಬೇಕು, ಸವರಬೇಕು, ಮಧ್ಯೆ ಟೀ ಆಗಬೇಕು.

"ನೋಡೋದೇನೂ ಬೇಡ. ಅಷ್ಟೇ ಕುಣಿಕೆ, ಅಷ್ಟೇ ಸಾಲು. ಎಣಿಸು, ಹಾಕು. ಆರು ವರ್ಷ ನೋಡಿದ್ದು ಸಾಲದಾ?"

ಅವಳು ಮತ್ತೆ ಕೇಳಲಿಲ್ಲ. ತುಟಿ ಕಚ್ಚಿ ಹೆಣೆದಳು. ದಾರ ಸುತ್ತಿದ್ದ ಬೆರಳು ಬೆಳ್ಳಗಾಗಿತ್ತು. ನಾನು ಬೈಯುತ್ತಲೇ ಇದ್ದೆ: ಅವಳ ಒಂಟಿ ಕಾಲುಚೀಲಕ್ಕೆ, ಬೋಳು ಸೋಫಾಕ್ಕೆ, ಚಿಕ್ಕಂದಿನಲ್ಲಿ ಒಂದೇ ಜಡೆ ಹಾಕಿ ನನ್ನನ್ನು ಶಾಲೆಗೆ ಅಟ್ಟಿದ್ದಕ್ಕೆ. ಇಪ್ಪತ್ತೊಂಬತ್ತರ ಸಂಜೆ ನೂರಾ ನಲವತ್ತನೆಯ ಸಾಲು ಮುಗಿಯಿತು. ಗೆದ್ದೆನೆಂದು ಮನೆಗೆ ಹೋಗಿ ಹೊಟ್ಟೆತುಂಬ ಉಂಡೆ.

ಮರುದಿನ ಬೆಳಿಗ್ಗೆ ನೋಡಲು ಹೋದೆ. ಅಕ್ಕ ರಾತ್ರಿಯೇ ತೋಳು ಜೋಡಿಸಿದ್ದಳು. ಭಾವ ಸ್ವೆಟರ್ ತೊಟ್ಟು ಕನ್ನಡಿಯೆದುರು ನಿಂತಿದ್ದರು. ಎಡತೋಳು ಮಣಿಕಟ್ಟನ್ನು ಮುಚ್ಚಿ ಕುಳಿತಿತ್ತು. ಬಲತೋಳು ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತು, ಮೊಣಕೈಯ ಬಳಿ ಬಿಗಿಯಾಗಿ ಹಿಡಿದುಬಿಟ್ಟಿತ್ತು. ಊದಿದ ಮಣಿಕಟ್ಟು ಪೂರ್ತಿ ಹೊರಗೆ.

"ಸಾಲು ತಿಂದ್ಯಾ?" ಎಂದು ಅಕ್ಕನ ಮೇಲೆ ಹಾರಿಬಿದ್ದೆ.

"ನೀನೇ ಎಣಿಸು" ಎಂದಳು.

ಭಾವನ ಕೈ ಹಿಡಿದು ಎಣಿಸಿದೆ. ನೂರಾ ನಲವತ್ತೇ ಇದ್ದವು. ಎಡತೋಳನ್ನು ಮುಟ್ಟಿದೆ, ಬೆರಳು ಮೆತ್ತಗೆ ಒಳಗಿಳಿಯಿತು. ಬಲತೋಳು ಒಂದೊಂದು ಕುಣಿಕೆಯೂ ಬಿಗಿದು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಅದೇ ಉಣ್ಣೆ, ಅದೇ ಕಡ್ಡಿ, ಅದೇ ಕೈ.

"ಅದೇ ಲೆಕ್ಕ, ಹೀಗ್ಯಾಕಾಯ್ತು?" ಎಂದೆ.

ಅಕ್ಕ ದನಿ ಏರಿಸಲಿಲ್ಲ. "ಆ ತೋಳು ಹಾಕುವಾಗ ನೀನು ಎದುರಿಗಿರ್ಲಿಲ್ಲ" ಎಂದಳು.

"ಬೆಚ್ಚಗಿದೆ ಬಿಡಿ" ಎಂದರು ಭಾವ. ಗಿಡ್ಡ ತೋಳನ್ನು ಎರಡು ಸಲ ಕೆಳಗೆಳೆದರು. ಅದು ಎರಡು ಸಲವೂ ಮೇಲೇರಿತು. ಅದರ ಮೇಲೆ ಕೋಟು ಹಾಕಿಕೊಂಡು ಕೊನೆಯ ಪಾಳಿಗೆ ಹೊರಟುಹೋದರು.

ಅಳತೆ ಹಿಡಿಯದೆ ಪರರ ಬಟ್ಟೆಗೆ ಕತ್ತರಿ ಇಟ್ಟವಳಲ್ಲ ನಾನು. ಅವಳು ಅಳತೆ ನೋಡುತ್ತೇನೆಂದು ಕೇಳಿದಾಗ ಬೇಡವೆಂದವಳೂ ನಾನೇ. ನನಗೆ ನಾಚಿಕೆಯಾಯಿತು. ಸೊಂಟದ ಕೀಲಿ ತೆಗೆದು ಮೇಜಿನ ಮೇಲಿಟ್ಟೆ. ಅಕ್ಕ ಅದನ್ನು ಮುಟ್ಟಲಿಲ್ಲ. ಚೀಟಿ ಕೊಡಲು ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡಳು. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ಉಣ್ಣೆಯ ಚೀಲವಿಲ್ಲದೆ ಹೊರಟಿದ್ದಳು.