ಶೀತಲನನ್ನು ಕೇಳಲು ಭೋಜಕ್ಕೆ ಹೋದದ್ದು

ಉಗಾರ ಸ್ಟೇಶನ್ನಿನಿಂದ ನಾವು ಹೊರಟಾಗ ಜೂನ್ ತಿಂಗಳ ಮೊದಲ ವಾರ. ಮಳೆ ಇನ್ನೂ ಬಂದಿರಲಿಲ್ಲ. ಮೀರಜ ಕಡೆಯಿಂದ ಬಂದ ಸಣ್ಣ ಹಳಿಯ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಯ ಸರಳು ಬೆಳಿಗ್ಗೆಯೇ ಕಾದಿತ್ತು. ಅವ್ವ ರೊಟ್ಟಿ, ಶೇಂಗಾ ಚಟ್ನಿ, ಕಾಯಿಸಿ ಆರಿಸಿದ ನೀರು ಕಟ್ಟಿಕೊಟ್ಟಿದ್ದಳು. ಅಪ್ಪ ಮತ್ತು ನಾನು, ಇಬ್ಬರೇ.

ಎಂಬತ್ತರ ದಶಕದ ಕೊನೆಯ ಮಾತು ಇದು. ಆ ವರ್ಷ ನನಗೆ ಎರಡು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಒಂದು ದೂರದ ಉತ್ತರದಲ್ಲಿ. ರೈಲಿನಲ್ಲೇ ಎರಡು ರಾತ್ರಿ ಕಳೆಯಬೇಕು. ಇನ್ನೊಂದು ದಕ್ಷಿಣದಲ್ಲಿ, ಸಂಜೆ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಟ್ಟಬಹುದು. ಎರಡೂ ಕಡೆ ರಾಶಿ ಅರ್ಜಿಗಳಲ್ಲಿ ಕೆಲವರನ್ನಷ್ಟೇ ಆರಿಸುತ್ತಿದ್ದರು. ವಾರದೊಳಗೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಿತ್ತು. ಅಪ್ಪನ ಮನಸ್ಸೆಲ್ಲ ಉತ್ತರದ್ದರ ಮೇಲೆ. ಭೋಜದ ಅಪ್ಪಾಸಾಹೇಬ ಕಾಕಾ ಅಪ್ಪನ ಶಾಲೆಯ ಗೆಳೆಯರು. ಅವರ ಮಗ ಶೀತಲ ಅಲ್ಲೇ ಓದುತ್ತಿದ್ದ. "ರಜಾಕ್ಕ ಬಂದಾನಂತ. ಅವನ್ನ ಕೇಳಿದ್ರ ಮುಗೀತು," ಅಂದಿದ್ದ ಅಪ್ಪ.

ಕುಡಚಿಯ ಸೇತುವೆ ದಾಟುವಾಗ ಕೃಷ್ಣೆಯಲ್ಲಿ ನೀರಿಗಿಂತ ಉಸುಕೇ ಹೆಚ್ಚಿತ್ತು. ಎದುರು ಕುಳಿತ ದಿಗ್ಗೇವಾಡಿಯ ಮುದುಕರಿಗೆ ಅಪ್ಪ ನನ್ನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದ.

"ಹೆಣ್ಣುಮಗಳನ್ನ ಅಷ್ಟು ದೂರ ಕಳಸ್ತೀರೇನ್ರಿ?" ಮುದುಕರು ಕೇಳಿದರು.

"ದೇಶದಾಗ ಒಂದನೇ ನಂಬರಿಂದು ಐತ್ರಿ ಅದು. ದೂರ ಅಂತ ಬಿಡಾಕ ಬರತೈತೇನ್ರಿ?"

ರಾಯಬಾಗ ಸ್ಟೇಶನ್ನಿನಲ್ಲಿ ಇಳಿದು, ಕೆಂಪು ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದೆವು. ಸ್ಟ್ಯಾಂಡಿನ ನೆರಳಿನಲ್ಲಿ ರೊಟ್ಟಿ ತಿಂದು ನಿಪ್ಪಾಣಿಯ ಬಸ್ಸು ಹಿಡಿದೆವು. ಊರು ಕಾಣುವ ಮೊದಲೇ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಗೋದಾಮಿನಿಂದ ಹೊರಬಂದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಸ್ಸು ಹತ್ತಿದರು. ಭೋಜ ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು.

ಕಾಕಾ ಪಡಸಾಲೆಯಲ್ಲಿ ಕುಳಿತಿದ್ದರು. "ಬರ್ರಿ" ಅಂದರೇ ಹೊರತು ಎದ್ದು ಬರಲಿಲ್ಲ. ನೀರು ತಂದ ಕಾಕು, ಅಂದರೆ ಅವರ ಹೆಂಡತಿ, ಅಪ್ಪನ ಮಾತು ಕೇಳಿ ನಿಂತಲ್ಲೇ ನಿಂತರು.

"ರಜಾ ಅಲ್ರಿ ಅಣ್ಣಾ. ಸಂಕ್ರಮಣಕ್ಕ ಬಂದಾವ ಹೊಳ್ಳಿ ಹೋಗಿಲ್ಲ. ಸಾಲಿ ಬಿಟ್ಟಾನ."

ಅಪ್ಪ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟ.

ಸೀರೆ ಬದಲಿಸಲು ಕಾಕು ನನ್ನನ್ನು ಒಳಕೋಣೆಗೆ ಕರೆದೊಯ್ದರು. ಬಾಗಿಲು ಹಾಕಿ ಚಿಲಕಕ್ಕೆ ಕೈ ಚಾಚಿದೆ. ಚಿಲಕವಿದ್ದ ಜಾಗದಲ್ಲಿ ಮೊಳೆಯ ತೂತುಗಳಷ್ಟೇ ಇದ್ದವು. ಚೌಕಟ್ಟಿನ ಒಂದು ಬದಿಗೆ ಹೊಸ ಕಟ್ಟಿಗೆ ಕೂಡಿಸಿದ್ದರು.

"ಶೀತಲನ ಕೋಣಿ ಅದು," ಹೊರಗಿನಿಂದ ಕಾಕು ಹೇಳಿದರು. "ಶಿವರಾತ್ರಿ ಮುಂದ ಒಳಗ ಚಿಲಕಾ ಹಾಕ್ಕೊಂಡಿದ್ದ. ಒಡದು ತಗದ್ವಿ. ಇನ್ನಷ್ಟು ತಡಾ ಆಗಿದ್ರ ಉಳೀತಿರಲಿಲ್ಲವ್ವಾ. ನೀ ಬದಲಿಸ್ಕೋ, ನಾ ಇಲ್ಲೇ ನಿಂತಿರ್ತೀನಿ."

ಸೀರೆ ಬದಲಿಸದೆ ಹಾಗೇ ಹೊರಗೆ ಬಂದೆ.

ಹೊತ್ತು ಮುಳುಗುವ ಮೊದಲೇ ಎಲ್ಲರೂ ಉಂಡೆವು. ಶೀತಲ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ನನಗಿಂತ ಎರಡೇ ವರ್ಷ ದೊಡ್ಡವನು. ಕುತ್ತಿಗೆ ತೀರ ಸಣ್ಣಗಾಗಿತ್ತು. ನಾನು ಬಾಯಿ ತೆರೆಯುವ ಮೊದಲು ಅವನೇ ಕೇಳಿದ: "ಅಲ್ಲಿಗೆ ಹೊಂಟೀಯಂತ?"

"ಇನ್ನೂ ಗೊತ್ತಿಲ್ಲ. ಹೆಂಗೈತಿ ಅಲ್ಲಿ?"

"ಛಲೋ ಐತಿ. ಕಲಸೂದು ಛಲೋ, ಲೈಬ್ರರಿ ಛಲೋ. ಬಂದವ್ರೆಲ್ಲಾ ತಮ್ಮ ಊರಾಗ ಒಂದನೇ ನಂಬರಿನವ್ರು. ಅವ್ರೊಳಗೂ ಯಾರರ ಒಬ್ರು ಕಡೀ ನಂಬರ್ ಬರಾಕ ಬೇಕಲ್ಲ. ನಾ ಬಂದೆ."

"ದಕ್ಷಿಣದ್ದು?"

"ಅಲ್ಲೂ ಅಷ್ಟ ಇರತೈತಿ."

"ಹಂಗಾದ್ರ ಯಾವುದು ತಗೊಳ್ಳಲಿ?"

ಅವನು ನನ್ನ ಕಡೆ ತಿರುಗಿ, "ನೀ ಫೇಲಾದ್ರ ನಿಮ್ಮಪ್ಪಗ ಹೇಳಾಕ ಬರತೈತೇನು?" ಅಂದ. "ನನಗ ಬರಲಿಲ್ಲ. ಎರಡು ಸಲ ಪಾಸ್ ಅಂತ ಹೇಳಿದೆ. ಊರಾಗೆಲ್ಲಾ ಪೇಢೆ ಹಂಚಿದ್ರು."

ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಹೊರಟಾಗ ಶೀತಲ ಹೊರಗೆ ಬರಲಿಲ್ಲ. ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅಪ್ಪ ಹೇಳಿದ, "ಹುಡುಗ ಮೊದಲಿಂದಾನೂ ಮೆತ್ತಗ. ನೀ ಹಂಗ ಅಲ್ಲ."

"ಅಪ್ಪಾ, ನಾನೂ ಫೇಲಾದ್ರ?"

"ನೀ ಯಾಕ ಫೇಲಾಗ್ತಿ? ಹೊಂಟ ಹೊತ್ತಿನ್ಯಾಗ ಹಂತಾ ಮಾತು ಆಡಬ್ಯಾಡ."

ಚಿಕ್ಕೋಡಿಯಲ್ಲಿ ಮತ್ತೆ ಕೇಳಿದೆ. ಅಪ್ಪ ಸಿಟ್ಟಿನಿಂದ ಮುಖ ತಿರುಗಿಸಿದ. ರಾಯಬಾಗ ದಾರಿಯಲ್ಲಿ ಆ ವರ್ಷದ ಮೊದಲ ಮಳೆ ಬಂತು. ಬಸ್ಸಿನ ಕಿಟಕಿಗೆ ಕಟ್ಟಿದ ಹರಿದ ತಾಡಪಾಲಿನಿಂದ ನೀರು ನಮ್ಮಿಬ್ಬರ ಮೇಲೂ ಸೋರುತ್ತಿತ್ತು. ಸರಿದು ಕೂರಲು ಇಬ್ಬರಿಗೂ ಮನಸ್ಸಿರಲಿಲ್ಲ.

ಗಾಡಿ ರಾಯಬಾಗ ಬಿಟ್ಟ ಮೇಲೆ ನಾನು ಹೇಳಿದೆ: "ದಕ್ಷಿಣದ್ದು ತಗೊಳ್ತೀನಿ."

"ಯಾಕ? ಅದು ಕಡಿಮಿದು."

"ಅಲ್ಲಿಂದ ಒಬ್ಬಾಕೀನ ಮನೀಗೆ ಬರಾಕ ಬರತೈತಿ."

ಅಪ್ಪ ನನ್ನನ್ನೇ ನೋಡಿದ. ಕುಡಚಿ ಬಂತು, ಜನ ಇಳಿದರು, ಹತ್ತಿದರು. ಗಾಡಿ ಮತ್ತೆ ಹೊರಟಾಗ ಕೇಳಿದ, "ಶೀತಲ ನಿನಗ ಏನಂದ?"

"ಫೇಲಾದ್ರ ಅಪ್ಪಗ ಹೇಳಾಕ ಬರತೈತೇನು ಅಂತ ಕೇಳಿದ."

"ನೀ ಏನಂದಿ?"

"ಏನೂ ಅನ್ನಲಿಲ್ಲ."

ಉಗಾರದಲ್ಲಿ ಇಳಿದೆವು. ಪ್ಲಾಟ್‌ಫಾರ್ಮಿನ ಮೇಲೆ ಕಂಡ ಪರಿಚಯದವರೊಬ್ಬರು, "ಯಾವುದು ಗಟ್ಟಿ ಆತ್ರಿ?" ಎಂದು ಕೇಳಿದರು. ಅಪ್ಪ ದಕ್ಷಿಣದ್ದರ ಹೆಸರು ಹೇಳಿದ. "ಅಯ್ಯ, ದೊಡ್ಡದು ಸಿಗಲಿಲ್ಲೇನ್ರಿ?"

"ಸಿಕ್ಕಿತ್ರಿ," ಅಂದ ಅಪ್ಪ. ನನ್ನ ಚೀಲವನ್ನೂ ತಾನೇ ಎತ್ತಿಕೊಂಡು ಕೆಸರಿನಲ್ಲಿ ಮುಂದೆ ನಡೆದ. ದಾರಿಯುದ್ದಕ್ಕೂ, ನಾನು ಬರುತ್ತಿದ್ದೇನೆಯೋ ಇಲ್ಲವೋ ಎಂದು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ.