ನಿಂತ ಗಾಡಿಯ ಕಾಳಜಿ

ಉಮರ್ಗಾದಲ್ಲಿ ನಮ್ಮ ಪಕ್ಕದ ಮನೆಯವರು ಕಿರಾಣಿ ಅಂಗಡಿಯ ಸಾವಕಾರರು. ನಮ್ಮ ಕಾರು ಬೇಕಾದಾಗ ಅವರು ಎಂದೂ 'ಕೊಡಿ' ಎಂದು ಕೇಳಿದವರಲ್ಲ. ಬಾನೆಟ್ಟಿನ ಮೇಲೆ ಬೆರಳು ಎಳೆದು, ಧೂಳು ನೋಡಿ, ದನದ ಡಾಕ್ಟರರಂತೆ ತಲೆಯಾಡಿಸಿ, "ಗಾಡಿ ನಿಂತ್ರ ಜಂಗ ಹಿಡೀತದ ರೀ" ಎನ್ನುತ್ತಿದ್ದರು. ಗಾಡಿಯನ್ನು ತುಕ್ಕಿನಿಂದ ಉಳಿಸುವ ಉಪಕಾರ ಮಾಡಲು ಬಂದವರು ಅವರೇ!

ಹೆಂಡತಿ ಚಾವಿಯನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟು, "ಚಾವಿ ಸಿಗವಲ್ದು ರೀ" ಎಂದರೆ, "ಸಿಗ್ಲಿ ತಗೋರಿ ವೈನಿ, ಗಡಬಡಿ ಇಲ್ಲ" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಎರಡನೆಯ ಚಹಾದ ಹೊತ್ತಿಗೆ ಚಾವಿ ಸಿಗುತ್ತಿತ್ತು. ಸಂಜೆ ಕಾರು ತಿರುಗಿ ಬಂದಾಗ ಸ್ಟಿಯರಿಂಗಿನ ಮೇಲೆ ಅವರು ಮೂರು ಬೆರಳಿನಿಂದ ಎಳೆದ ವಿಭೂತಿ ಇರುತ್ತಿತ್ತು, ಡೀಸೆಲ್ ಇರುತ್ತಿರಲಿಲ್ಲ.

ಕೊನೆಗೆ ಬೇಸತ್ತು ಕಾರನ್ನು ಹತ್ತಿರದ ಗುಂಜೋಟಿಯ ಒಬ್ಬನಿಗೆ ಮಾರಿದೆ. "ನನಗೊಂದು ಮಾತು ಕೇಳಬಾರದಾ ರೀ?" ಎಂದು ಸಾವಕಾರರು ಮುಖ ಸಣ್ಣದು ಮಾಡಿಕೊಂಡು ಹೋದರು.

ಮುಂದೊಂದು ದಿನ, ನಿಲಂಗಾದಲ್ಲಿ ಅತ್ತೆ ಬಿದ್ದು ಕಾಲು ಮುರಿದುಕೊಂಡಿದ್ದಾರೆಂದು ಫೋನ್ ಬಂತು. ಬಸ್ಸು ಹೋಗಿಬಿಟ್ಟಿತ್ತು. ಹೆಂಡತಿ ಅಂಗಳದಲ್ಲಿ ನಿಂತು ಅಳುತ್ತಿದ್ದಳು. ಸಾವಕಾರರು ಅಂಗಡಿ ಮುಚ್ಚಿ ಮೋಟಾರ್ ಸೈಕಲ್ ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಗುರುತಿನ ಹಾರ್ನ್ ಕೇಳಿಸಿತು. ನೋಡಿದರೆ ನಮ್ಮದೇ ಹಳೆಯ ಕಾರು. ಸ್ಟಿಯರಿಂಗಿನ ಮೇಲೆ ಹಸಿ ವಿಭೂತಿ.

"ಲಗೂ ಕೂಡ್ರಿ ವೈನಿ," ಎಂದರು.

"ಗುಂಜೋಟಿಯಂವಾ ಹ್ಯಾಂಗ ಕೊಟ್ಟ ರೀ?" ಎಂದೆ.

"ಕೊಡದ ಏನ್ ಮಾಡ್ತಾನ? ನಿಂತ್ರ ಜಂಗ ಹಿಡೀತದಲ್ರೀ!"