ಅಗಸ್ತ್ಯನಿಗೆ ಹಿಡಿಯಬೇಕಿದ್ದ ಕೊಳ್ಳಿ

ಕುರಿ ಕದ್ದನೆಂದು ತ್ವಾರೂ ಕೇಪ್‌ಟೌನಿನ ಸೆರೆಮನೆ ಸೇರಿದ್ದು ೧೮೭೧ರ ನವೆಂಬರ್ ೧೪ರಂದು. ಎರಡು ವರ್ಷದ ಶಿಕ್ಷೆ ಮುಗಿದ ಮೇಲೂ ಅವನಿಗೆ ಬಯಲಿನ ತನ್ನ ಗುಡಿಸಲಿಗೆ ಮರಳಲಾಗಲಿಲ್ಲ. ಅವನ ಬುಡಕಟ್ಟಾದ ಬುಷ್‌ಮನ್ನರ ಕತೆಗಳನ್ನು ಬರೆದುಕೊಂಡು ಅಚ್ಚು ಹಾಕಿಸಲು ಹಟ ತೊಟ್ಟಿದ್ದ ಪಂಡಿತ ಹಾರ್ಟ್‌ವಿಗ್ಗರು ಅವನನ್ನು ತಮ್ಮ ಮನೆಯಲ್ಲಿರಿಸಿಕೊಂಡರು. "ಕತೆ ಮುಗೀಲಿ, ಬಂಡಿ ಹತ್ತಿಸ್ತೀನಿ" ಎನ್ನುತ್ತಿದ್ದರು. ಕತೆಯೋ, ಒಂದರ ಬಾಲ ಹಿಡಿದು ಇನ್ನೊಂದು ಹೊರಡುವಂಥದು.

ಊರಿನಲ್ಲಿ ಹೆಂಡತಿ ಕೌಯಿ ಒಬ್ಬಳೇ. ಆ ಸೀಮೆಯಲ್ಲಿ ಜೂನಿಗೆ ಬರುವ ಚಳಿಗಾಲದಲ್ಲಿ ಅವಳ ಹೊಟ್ಟೆಗೆ ನೆಲ ಅಗೆದು ತೆಗೆಯುವ ಇರುವೆಮೊಟ್ಟೆಯೇ ಗತಿ. ಅಗಸ್ತ್ಯ ನಕ್ಷತ್ರ ನಡುಗುತ್ತ ಮೂಡುವ ಮೊದಲ ನಸುಕಿನಲ್ಲಿ ಮನೆಯ ಗಂಡಸು ಅದರತ್ತ ಕೊಳ್ಳಿ ಹಿಡಿದು ಬೆಚ್ಚಗಾಗಿಸಿದರೆ ಮಾತ್ರ ಇರುವೆಗೂಡಿನಲ್ಲಿ ಮೊಟ್ಟೆ ತುಂಬೀತು. ತ್ವಾರೂ ಸೆರೆಯಲ್ಲಿದ್ದ ಎರಡು ಚಳಿಗಾಲವೂ ಅದು ತಪ್ಪಿತ್ತು. ಕೌಯಿ ಅಗೆದಲ್ಲೆಲ್ಲ ಬರಿಯ ಮಣ್ಣು, ಅವಳು ಎಲುಬಿನ ಗೂಡಾಗಿದ್ದಾಳೆ ಎಂದು ಊರ ಕಡೆಯ ಬಂಡಿಯವನು ಹೇಳಿಹೋಗಿದ್ದನು.

೧೮೭೪ರ ಜೂನ್ ೯, ಮಂಗಳವಾರ, ನಸುಕಿನಲ್ಲಿ ನಕ್ಷತ್ರ ಮೂಡಿತು. ತ್ವಾರೂ ಅಡುಗೆಮನೆಯ ಕದ ಬಡಿದನು. ಅಡುಗೆಯ ರೋಸೀನಾ ಒಳಗಿನಿಂದಲೇ ಗದರಿದಳು.

"ಅಕ್ಕಾ, ಒಂದೇ ಒಂದು ಕೊಳ್ಳಿ ಕೊಡು. ಅಗಸ್ತ್ಯ ನಡುಗ್ತಾ ಇದಾನೆ."

"ನಡುಗಿದ್ರೆ ಕಂಬಳಿ ಹೊದಿಸು ಹೋಗು! ಮೇಲೆ ಹುಲ್ಲಿನ ಮಾಡು. ಹತ್ಕೊಂಡ್ರೆ ಬಾಸ್ ನನ್ನ ಚರ್ಮ ಸುಲೀತಾರೆ."

"ಕೌಯಿ ಹಸ್ಕೊಂಡಿದಾಳೆ, ಅಕ್ಕಾ."

"ಇಲ್ಲಿ ಬೆಂಕಿ ಹಿಡಿದ್ರೆ ಅಲ್ಲಿ ಹೊಟ್ಟೆ ತುಂಬುತ್ತಾ? ಒಳ್ಳೇ ಗಂಡ!"

ಗದ್ದಲಕ್ಕೆ ಎದ್ದುಬಂದ ಪಂಡಿತರು ವಿಷಯ ಕೇಳಿದೊಡನೆ ಹಿಗ್ಗಿಹೋದರು.

"ಇದನ್ನ ಹೇಳೇ ಇಲ್ವಲ್ಲೋ! ಕೂತ್ಕೊ. ಮೊದಲಿಂದ ಹೇಳು."

"ಮೊದಲು ಬೆಂಕಿ, ಬಾಸ್. ಬೆಳಕಾದ್ರೆ ಅವನು ಹೋಗ್ಬಿಡ್ತಾನೆ."

"ಕೊಡಿಸ್ತೀನಪ್ಪಾ. ಕೊಳ್ಳಿ ಹಿಡಿದಾಗ ಏನಂತೀರಿ? ನಿಧಾನವಾಗಿ."

ತ್ವಾರೂ ಒಂದೇ ಉಸಿರಿಗೆ ಹೇಳಿದನು. ಪಂಡಿತರು ಒಂದೊಂದು ಮಾತನ್ನೂ ಮತ್ತೆ ಮತ್ತೆ ಹೇಳಿಸಿ, ಲೇಖನಿ ಅದ್ದಿ ಅದ್ದಿ ಬರೆದುಕೊಂಡರು. ಅವನ ಕಣ್ಣು ಕಿಟಕಿಯನ್ನು ಬಿಟ್ಟು ಕದಲಲಿಲ್ಲ. ಬರೆದದ್ದು ಮುಗಿದ ಮೇಲೆ ಪಂಡಿತರು ಆಡಿದ ಮಾತಿನಂತೆ ಕೊಳ್ಳಿ ಕೊಡಿಸಿದರು. ತ್ವಾರೂ ಅಂಗಳಕ್ಕೆ ಓಡಿದಾಗ ಆಗಸ ಬೆಳ್ಳಗಾಗಿತ್ತು. ನಕ್ಷತ್ರವಿದ್ದ ಕಡೆಗೆ, ಬರಿಯ ಬಿಳುಪಿಗೆ, ಬೆರಳು ಸುಡುವವರೆಗೂ ಅವನು ಕೊಳ್ಳಿ ಹಿಡಿದೇ ನಿಂತನು. ರೋಸೀನಾ ಇನ್ನೊಂದು ತಂದುಕೊಟ್ಟಳು.

ಕೌಯಿ ತೀರಿಕೊಂಡ ಸುದ್ದಿ ಬಂದದ್ದು ಆಗಸ್ಟ್ ೨೨, ಶನಿವಾರ. ಪಂಡಿತರಿಗೆ ಪಶ್ಚಾತ್ತಾಪವಾಗಿರಬೇಕು, ಮರುದಿನವೇ ಬಂಡಿ ತರಿಸಿದರು.

"ಹತ್ತಪ್ಪಾ, ಹೊರಡು ಊರಿಗೆ."

ತ್ವಾರೂ ಬಂಡಿಯ ಗಾಲಿಯನ್ನೇ ನೋಡುತ್ತ ನಿಂತನು.

"ಯಾರ ಹತ್ರ ಹೋಗ್ಲಿ, ಬಾಸ್?"